ಮುಂದಿನ ಸಲ ನೋಡೋಣ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಭಾಷಣಕ್ಕೆ ಕರೆಯುವಾಗ ನಮ್ಮ ವಿಜ್ಞಾನದ ಮಾಸ್ತರು ಫೋನಿನಲ್ಲಿ ಒಂದು ಮಾತು ಹೇಳಿದ್ದರು: "ಮೊಬೈಲು, ಕಂಪ್ಯೂಟರು ಅಂತ ಶುರು ಮಾಡಬೇಡ ಮಾರಾಯ. ಅದು ಈ ಮಕ್ಕಳಿಗೆ ನಿನಗಿಂತ ಚೆನ್ನಾಗಿ ಗೊತ್ತು. ಬೇರೆ ಏನಾದರೂ ಹೇಳು." ಮಾಸ್ತರ ಮಾತು ಮೀರುವ ಅಭ್ಯಾಸ ಇನ್ನೂ ಬಂದಿಲ್ಲ. ಹಾಗಾಗಿ ಇವತ್ತು ನನ್ನ ಕೆಲಸದ ವಿಷಯ ಸ್ವಲ್ಪವೇ ಬರುತ್ತದೆ. ಹೆಚ್ಚಿನದೆಲ್ಲ ಅಣು ವಿದ್ಯುತ್ತಿನ ವಿಷಯ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಅಣು ವಿದ್ಯುತ್ತಿನ ಮಾತು ಹೊಸತಲ್ಲ. ಕಾಳಿ ನದಿಯ ದಂಡೆಯಲ್ಲಿ ಕೈಗಾ ಇದೆ. 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ಕೈಗಾ ಬೇಡ ಎಂದು ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದಲೇ ಲೋಕಸಭೆಗೆ ನಿಂತದ್ದು ಇಲ್ಲಿ ಕುಳಿತ ಹಿರಿಯರಿಗೆ ನೆನಪಿರಬೇಕು. ಅದೇ ಕೈಗಾದ ಮೊದಲ ಘಟಕ 2016ರಿಂದ 2018ರ ಕೊನೆಯವರೆಗೆ ಒಮ್ಮೆಯೂ ನಿಲ್ಲದೆ 962 ದಿನ ನಡೆದು ವಿಶ್ವದಾಖಲೆ ಮಾಡಿದಾಗ ಪೇಪರಿನಲ್ಲಿ ಓದಿ ಹೆಮ್ಮೆಪಟ್ಟವರೂ ನಮ್ಮವರೇ. ನಮ್ಮಲ್ಲಿ ಕೆಲವರ ಅಣ್ಣನೋ ಭಾವನೋ ಅಲ್ಲಿ ಕೆಲಸಕ್ಕೂ ಇದ್ದಾರೆ. ಹಾಗಾಗಿ ಅಣು ವಿದ್ಯುತ್ತು ಬೇಕೋ ಬೇಡವೋ ಎಂಬ ಚರ್ಚೆಯನ್ನು ನಾನು ಇವತ್ತು ಎತ್ತುವುದಿಲ್ಲ. ಅದಕ್ಕೆ ಒಂದು ಗಂಟೆ ಸಾಲದು, ಊಟದ ಹೊತ್ತೂ ಮೀರುತ್ತದೆ.

ನಾನು ಹೇಳಹೊರಟಿರುವುದು ಬೇರೆ ಸಂಗತಿ. ಒಂದು ಯಂತ್ರದಲ್ಲಿ ದೋಷ ಇದೆ ಎಂದು ಗೊತ್ತಾಗುತ್ತದೆ. ಸರಿಪಡಿಸುವುದು ಹೇಗೆಂದೂ ಗೊತ್ತಿರುತ್ತದೆ. ಆದರೂ ವರ್ಷಗಟ್ಟಲೆ ಸರಿಪಡಿಸುವುದಿಲ್ಲ. ಯಾಕೆ? ಮತ್ತು ಆ ತಡದ ಬೆಲೆಯನ್ನು ಕೊನೆಗೆ ಯಾರು ಕೊಡುತ್ತಾರೆ?

ನಮ್ಮ ದೇಶದ್ದೇ ಒಂದು ಘಟನೆ ಹೇಳುತ್ತೇನೆ. ಉತ್ತರ ಪ್ರದೇಶದ ಬುಲಂದಶಹರ್ ಜಿಲ್ಲೆಯಲ್ಲಿ ಗಂಗಾನದಿಯ ದಂಡೆಯ ಮೇಲೆ ನರೋರಾ ಎಂಬ ಊರಿದೆ. ಅಲ್ಲಿ 220 ಮೆಗಾವ್ಯಾಟಿನ ಎರಡು ಅಣು ವಿದ್ಯುತ್ ಘಟಕಗಳಿವೆ. ಕೈಗಾದಲ್ಲಿರುವಂಥ ಭಾರಜಲದ ರಿಯಾಕ್ಟರುಗಳೇ. ಒಂದು ರೀತಿಯಲ್ಲಿ ಕೈಗಾದ ಅಣ್ಣ ಎನ್ನಬಹುದು.

1993ರ ಮಾರ್ಚ್ 31. ಬೆಳಗಿನ ಜಾವ ಮೂರೂವರೆ. ಮೊದಲನೇ ಘಟಕ ವಿದ್ಯುತ್ತು ಕೊಡುತ್ತಿತ್ತು. ರಾತ್ರಿ ಪಾಳಿಯವರು ಕಂಟ್ರೋಲ್ ರೂಮಿನಲ್ಲಿದ್ದರು.

ಅಣು ಸ್ಥಾವರ ಎಂದರೂ ಅದರ ಅರ್ಧ ಭಾಗ ನೀವು ಪುಸ್ತಕದಲ್ಲಿ ಓದಿರುವ ಸಾಮಾನ್ಯ ವಿದ್ಯುತ್ ಸ್ಥಾವರವೇ. ನೀರು ಕಾಯುತ್ತದೆ, ಹಬೆ ಏಳುತ್ತದೆ, ಹಬೆ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸುತ್ತದೆ. ಟರ್ಬೈನು ನಿಮಿಷಕ್ಕೆ 3,000 ಸುತ್ತು, ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸುತ್ತು. ಅದರ ಚಕ್ರಕ್ಕೆ ಸುತ್ತಲೂ ಲೋಹದ ಎಲೆಗಳಂತೆ ಬ್ಲೇಡುಗಳಿರುತ್ತವೆ. ಕೊನೆಯ ಹಂತದ ಬ್ಲೇಡುಗಳು ಬಹಳ ಉದ್ದ.

ಆ ರಾತ್ರಿ ಕೊನೆಯ ಹಂತದ ಎರಡು ಬ್ಲೇಡುಗಳು ಮುರಿದವು. ಮುರಿದವು ಪಕ್ಕದ ಬ್ಲೇಡುಗಳನ್ನೂ ಕತ್ತರಿಸಿದವು. ಸಮತೂಕ ತಪ್ಪಿದ ಟರ್ಬೈನು ಭಯಂಕರವಾಗಿ ಅದುರತೊಡಗಿತು. ಜನರೇಟರನ್ನು ತಣ್ಣಗಿಡಲು ಅದರೊಳಗೆ ಹೈಡ್ರೋಜನ್ ತುಂಬಿರುತ್ತಾರೆ. ಅದುರುವಿಕೆಗೆ ಸೀಲುಗಳು ಹೋಗಿ ಹೈಡ್ರೋಜನ್ ಹೊರಬಂದು ಬೆಂಕಿ ಹತ್ತಿತು. ಯಂತ್ರಕ್ಕೆ ಹಾಕುವ ಎಣ್ಣೆಗೂ ಬೆಂಕಿ ಹತ್ತಿತು. ಬೆಂಕಿ ಕೇಬಲ್ಲುಗಳಿಗೆ ಹಬ್ಬಿತು.

ಆಪರೇಟರುಗಳು ಒಂದು ನಿಮಿಷದೊಳಗೇ ರಿಯಾಕ್ಟರನ್ನು ನಿಲ್ಲಿಸಿದರು. ಇಲ್ಲಿಗೆ ಕತೆ ಮುಗಿಯಿತು ಎಂದು ನಿಮಗೆ ಅನಿಸಬಹುದು. ಮುಗಿಯಲಿಲ್ಲ. ನಿಮ್ಮ ಮನೆಯ ಬಚ್ಚಲ ಒಲೆಯನ್ನು ನೆನಪಿಸಿಕೊಳ್ಳಿ. ಸೌದೆ ಎಳೆದ ಮೇಲೂ ಕೆಂಡದ ಕಾವಿಗೆ ಹಂಡೆಯ ನೀರು ಕುದಿಯುತ್ತಲೇ ಇರುತ್ತದಲ್ಲ? ರಿಯಾಕ್ಟರಿನದೂ ಹಾಗೆಯೇ. ಸರಪಳಿ ಕ್ರಿಯೆ ನಿಂತರೂ, ಒಡೆದ ಯುರೇನಿಯಮ್ಮಿನ ಚೂರುಗಳು ಶಾಖ ಕೊಡುತ್ತಲೇ ಇರುತ್ತವೆ. ಗಂಟೆ ಕಳೆದ ಮೇಲೂ ಪೂರ್ಣ ಶಾಖದ ಶೇಕಡ 1ರ ಆಸುಪಾಸು ಉಳಿದಿರುತ್ತದೆ. ಶೇಕಡ 1 ಎಂದರೆ ಕಡಿಮೆ ಎನ್ನಬೇಡಿ. ಅಷ್ಟು ದೊಡ್ಡ ರಿಯಾಕ್ಟರಿನಲ್ಲಿ ಅದು 2 ಕಿಲೋವ್ಯಾಟಿನ ಸಾವಿರಾರು ಗೀಸರುಗಳನ್ನು ಒಟ್ಟಿಗೆ ಹಚ್ಚಿಟ್ಟಷ್ಟು ಶಾಖ. ಅದನ್ನು ಸತತವಾಗಿ ನೀರು ಹರಿಸಿ ತೆಗೆಯದಿದ್ದರೆ ಇಂಧನ ಕರಗುತ್ತದೆ. ನೀರು ಹರಿಸಲು ಪಂಪು ಬೇಕು. ಪಂಪಿಗೆ ವಿದ್ಯುತ್ತು ಬೇಕು.

ವಿದ್ಯುತ್ತಿಗೆ ಡೀಸೆಲ್ ಜನರೇಟರುಗಳಿದ್ದವು. ಬ್ಯಾಟರಿಗಳೂ ಇದ್ದವು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದೇ ಅವುಗಳನ್ನು ಇಟ್ಟಿರುವುದು. ಆದರೆ ಆ ಒಂದರ ಕೇಬಲ್ಲೂ ಇನ್ನೊಂದರ ಕೇಬಲ್ಲೂ ಒಂದೇ ದಾರಿಯಲ್ಲಿ, ಅಕ್ಕಪಕ್ಕದಲ್ಲೇ ಹಾದುಹೋಗಿದ್ದವು. ನಡುವೆ ಬೆಂಕಿ ತಡೆಯುವ ಗೋಡೆ ಇರಲಿಲ್ಲ. ಕೇಬಲ್ಲುಗಳ ಮೇಲೆ ಬೆಂಕಿಗೆ ಜಗ್ಗದ ಲೇಪ ಇರಲಿಲ್ಲ. ಒಂದೇ ಬೆಂಕಿಗೆ ಎಲ್ಲವೂ ಸುಟ್ಟವು. ಜನರೇಟರು ಇದ್ದೂ ವಿದ್ಯುತ್ತು ಪಂಪಿಗೆ ತಲುಪದಂತಾಯಿತು. ಕಂಟ್ರೋಲ್ ರೂಮಿಗೆ ಹೊಗೆ ನುಗ್ಗಿ, ಅಲ್ಲಿದ್ದವರು ಹೊರಗೆ ಬರಬೇಕಾಯಿತು. ಮುಂದಿನ 17 ಗಂಟೆ ಆ ಘಟಕದಲ್ಲಿ ವಿದ್ಯುತ್ತೇ ಇರಲಿಲ್ಲ. ದೇಶಕ್ಕೆಲ್ಲ ಕರೆಂಟು ಕೊಡುವ ಕಾರ್ಖಾನೆಯ ಒಳಗೆ ಕತ್ತಲೆ.

ಈಗ ಆ ರಾತ್ರಿ ಪಾಳಿಯವರು ಏನು ಮಾಡಿದರು ಕೇಳಿ. ಬೆಂಕಿ ಆರಿಸಲೆಂದು ಇಟ್ಟ ಪಂಪುಗಳು ವಿದ್ಯುತ್ತಿನ ಹಂಗಿಲ್ಲದೆ ನೇರ ಡೀಸೆಲ್ಲಿನಿಂದ ಓಡುವಂಥವು. ಅವುಗಳನ್ನು ಚಾಲೂ ಮಾಡಿ, ಆ ನೀರನ್ನು ಹಬೆ ಉತ್ಪಾದಕಗಳಿಗೆ ತಿರುಗಿಸಿದರು. ರಿಯಾಕ್ಟರಿನ ಒಳಗಿನ ಭಾರಜಲವನ್ನು ತಿರುಗಿಸಲು ಪಂಪು ಇರಲಿಲ್ಲ. ಅಲ್ಲಿ ನಿಮ್ಮ ಪಾಠದ ಸಂವಹನ ಕೆಲಸ ಮಾಡಿತು. ಬಿಸಿ ನೀರು ಮೇಲೇರಿತು, ಮೇಲೆ ತಣ್ಣಗಾಗಿ ಕೆಳಗಿಳಿಯಿತು. ಹಬೆ ಉತ್ಪಾದಕಗಳನ್ನು ರಿಯಾಕ್ಟರಿಗಿಂತ ಎತ್ತರದಲ್ಲಿ ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಒಂದು ದೇಶವನ್ನು ಕಾಯುವುದೂ ಉಂಟು, ಆದ್ದರಿಂದ ಬಿಡಬೇಡಿ.

ಇನ್ನೊಂದು ಭಯ ಇತ್ತು. ರಿಯಾಕ್ಟರು ತಣ್ಣಗಾಗುತ್ತ, ಹೊತ್ತು ಕಳೆದಂತೆ, ನಿಂತ ಸರಪಳಿ ಕ್ರಿಯೆ ಮತ್ತೆ ಶುರುವಾಗಬಹುದು ಎಂಬ ಭಯ. ಅದಕ್ಕೆ ನ್ಯೂಟ್ರಾನುಗಳನ್ನು ನುಂಗುವ ಬೋರಾನ್ ದ್ರಾವಣವನ್ನು ಒಳಗೆ ಬಿಡಬೇಕು. ಅದರ ಕವಾಟಗಳು ಮೇಲೆ ಇದ್ದವು. ಕೆಲವು ನೌಕರರು ಕೈಯಲ್ಲಿ ಬ್ಯಾಟರಿ ಟಾರ್ಚು ಹಿಡಿದು, ಕತ್ತಲಲ್ಲಿ ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿ, ಆ ಕವಾಟಗಳನ್ನು ಕೈಯಿಂದಲೇ ತಿರುಗಿಸಿ ತೆರೆದರು. ದ್ರಾವಣ ತನ್ನ ಭಾರಕ್ಕೆ ತಾನೇ ಕೆಳಗಿಳಿಯಿತು.

ವಿಕಿರಣ ಹೊರಗೆ ಬರಲಿಲ್ಲ. ಗಂಗೆಯ ದಡದ ಊರುಗಳಿಗೆ ಏನೂ ಆಗಲಿಲ್ಲ. ಅಂತರರಾಷ್ಟ್ರೀಯ ಮಾಪಕದಲ್ಲಿ 7ಕ್ಕೆ 3ನೇ ಹಂತ, ಅಂದರೆ ಗಂಭೀರ ಘಟನೆ ಎಂದು ಅದನ್ನು ದಾಖಲಿಸಿದರು. ಚೆರ್ನೋಬಿಲ್ 7ನೇ ಹಂತದ್ದು. ನರೋರಾ ಆ ಹಾದಿಯಲ್ಲಿ ಹೋಗದೆ ಉಳಿಯಿತು. ಆ ಟಾರ್ಚು ಹಿಡಿದವರ ಹೆಸರು ಇಲ್ಲಿರುವ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರಿಗಾಗಿ ಒಂದು ಚಪ್ಪಾಳೆ ಹೊಡೆಯಿರಿ.

(ಚಪ್ಪಾಳೆ)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಬ್ಲೇಡುಗಳು ಮುರಿಯಬಹುದು ಎಂದು ಮೊದಲೇ ಗೊತ್ತಿತ್ತೇ? ಗೊತ್ತಿತ್ತು. ಈ ಬಗೆಯ ಬ್ಲೇಡುಗಳ ವಿನ್ಯಾಸದಲ್ಲಿ ದೋಷವಿದೆ, ಬೇರೆ ದೇಶಗಳ ಟರ್ಬೈನುಗಳಲ್ಲಿ ಬಿರುಕು ಬಿಟ್ಟಿವೆ ಎಂದು ವಿದೇಶದ ಕಂಪನಿ 1989ರಲ್ಲೇ ನಮ್ಮ ಟರ್ಬೈನ್ ತಯಾರಕರಾದ ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ಗೆ ತಿಳಿಸಿತ್ತು. ಅವರು ಹೊಸ ವಿನ್ಯಾಸದ ನಕ್ಷೆಗಳನ್ನೂ ತಯಾರಿಸಿ ಅಣು ವಿದ್ಯುತ್ ನಿಗಮಕ್ಕೆ ಕೊಟ್ಟಿದ್ದರು. ಬ್ಲೇಡು ಬದಲಾದದ್ದು ಅಪಘಾತವಾದ ಮೇಲೆ. ಇದು ಗುಟ್ಟಿನ ಮಾತಲ್ಲ. ಅಪಘಾತದ ವರ್ಷವೇ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದ ಎ. ಗೋಪಾಲಕೃಷ್ಣನ್ ಅವರು ನಿವೃತ್ತಿಯ ನಂತರ ಇದನ್ನೆಲ್ಲ ಬಹಿರಂಗವಾಗಿ ಬರೆದಿದ್ದಾರೆ.

ಕೇಬಲ್ಲಿನ ವಿಷಯ ಇನ್ನೂ ಹಳೆಯದು. 1975ರ ಮಾರ್ಚಿನಲ್ಲಿ ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಎಂಬ ಅಣು ಸ್ಥಾವರದಲ್ಲಿ ಒಬ್ಬ ಕೆಲಸಗಾರ ಕೇಬಲ್ ಹಾಯುವ ತೂತಿನಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಲು ಮೇಣದ ಬತ್ತಿ ಹಿಡಿದ. ತೂತಿಗೆ ತುಂಬಿದ್ದ ಫೋಮಿಗೆ ಬೆಂಕಿ ಹತ್ತಿ, 1,600ಕ್ಕೂ ಹೆಚ್ಚು ಕೇಬಲ್ಲುಗಳು ಹಾಳಾದವು. ಆಪತ್ತಿಗೆಂದು ಇಟ್ಟ ತಂಪುಗೊಳಿಸುವ ವ್ಯವಸ್ಥೆಗಳೇ ಕೈಕೊಟ್ಟವು. ಅಂದಿನಿಂದ ಇಡೀ ಲೋಕಕ್ಕೆ ಒಂದು ಪಾಠ ಗೊತ್ತಾಯಿತು: ಮುಖ್ಯ ಕೇಬಲ್ಲನ್ನೂ ಬದಲಿ ಕೇಬಲ್ಲನ್ನೂ ಒಂದೇ ದಾರಿಯಲ್ಲಿ ಒಯ್ಯಬಾರದು, ನಡುವೆ ಬೆಂಕಿ ತಡೆ ಇರಬೇಕು. 1980ರಲ್ಲಿ ಅಮೆರಿಕದಲ್ಲಿ ಇದು ನಿಯಮವೂ ಆಯಿತು. ನರೋರಾದ ಕಾಮಗಾರಿ ಶುರುವಾದದ್ದು 1976ರಲ್ಲಿ. ಘಟಕಕ್ಕೆ ಬೆಂಕಿ ಬಿದ್ದದ್ದು 1993ರಲ್ಲಿ. ಲೆಕ್ಕ ನೀವೇ ಮಾಡಿ. ಬ್ಲೇಡಿನ ವಿಷಯಕ್ಕೆ ನಾಲ್ಕು ವರ್ಷ, ಕೇಬಲ್ಲಿನ ವಿಷಯಕ್ಕೆ ಹದಿನೆಂಟು ವರ್ಷ ಸಮಯ ಇತ್ತು.

ಇದನ್ನು ಕೇಳಿದರೆ ಸಿಟ್ಟು ಬರುತ್ತದೆ. ಯಾರೋ ಬೇಜವಾಬ್ದಾರಿ ಮನುಷ್ಯ ಫೈಲಿನ ಮೇಲೆ ಕುಳಿತಿದ್ದ ಎನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಇಲ್ಲಿ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು, ಮಾಸ್ತರು ಕ್ಷಮಿಸಬೇಕು.

ನಾನು ತಂತ್ರಾಂಶ ಬರೆಯುವವನು. ನಮ್ಮಲ್ಲಿ ದೋಷಗಳ ಒಂದು ಪಟ್ಟಿ ಇರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ಔಷಧ ವಿಭಾಗದ ತಂತ್ರಾಂಶ ನಮ್ಮ ತಂಡದ ಕೈಯಲ್ಲಿತ್ತು. ಮುಖ್ಯ ಕಂಪ್ಯೂಟರು ನಿಂತರೆ ಬದಲಿ ಕಂಪ್ಯೂಟರು ತಾನೇ ಕೆಲಸ ವಹಿಸಿಕೊಳ್ಳಬೇಕು. ಬದಲಿಯದು ಸರಿಯಾಗಿ ಎದ್ದು ಕೂರುತ್ತಿಲ್ಲ ಎಂದು ತಂಡದ ಕಿರಿಯ ಹುಡುಗಿಯೊಬ್ಬಳು ಪತ್ತೆಹಚ್ಚಿ ಪಟ್ಟಿಗೆ ಹಾಕಿದಳು. ಸರಿಪಡಿಸಲು ನಾಲ್ಕೈದು ದಿನದ ಕೆಲಸ. ಆ ತಿಂಗಳು ಬೇರೆ ತುರ್ತು ಕೆಲಸ ಇತ್ತು. ಅದರ ಮುಂದೆ "ಮುಂದಿನ ಸಲ" ಎಂದು ಬರೆದೆ. ಮುಂದಿನ ಸಲವೂ ಅದನ್ನೇ ಬರೆದೆ. ಮೂರನೇ ಸಲವೂ ಅದನ್ನೇ. ಬರೆದವನು ನಾನೇ, ಬೇರೆ ಯಾರೂ ಒತ್ತಾಯ ಮಾಡಿರಲಿಲ್ಲ.

ಒಂದು ಶನಿವಾರ ರಾತ್ರಿ ಮುಖ್ಯ ಕಂಪ್ಯೂಟರು ನಿಂತಿತು. ಬದಲಿಯದು ಏಳಲಿಲ್ಲ. ನಾವು ಅದನ್ನು ಎಬ್ಬಿಸುವ ಹೊತ್ತಿಗೆ ಬೆಳಗಾಗಿತ್ತು. ಅಷ್ಟು ಹೊತ್ತೂ ಆ ಆಸ್ಪತ್ರೆಯ ನರ್ಸುಗಳು ಪ್ರತಿ ರೋಗಿಯ ಔಷಧವನ್ನು ಹಾಳೆಯಲ್ಲಿ ಬರೆದು, ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ ಕೊಟ್ಟಿದ್ದರು. ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ನಮ್ಮಲ್ಲಿ ಒಬ್ಬರು "ಸದ್ಯ, ದೊಡ್ಡದೇನೂ ಆಗಲಿಲ್ಲ" ಎಂದರು. ನನಗೆ ಮಾತು ಬರಲಿಲ್ಲ. ಆಗದಿದ್ದದ್ದು ನಮ್ಮ ಜಾಣತನದಿಂದಲ್ಲ. ನಾನು ನಾಲ್ಕು ದಿನ ಉಳಿಸಿಕೊಂಡಿದ್ದೆ, ಅದನ್ನು ಒಂದೇ ರಾತ್ರಿಯಲ್ಲಿ ಅವರು ತೀರಿಸಿದ್ದರು.

ನರೋರಾದ ವಿಷಯ ಕೂತು ಓದಿದ್ದು ಇದಾದ ಮೇಲೆ. ಅಲ್ಲಿಯೂ ಅದೇ ಕಂಡಿತು. ದೋಷ ಗೊತ್ತಾದದ್ದು ಹಗಲಿನ ಕಚೇರಿಯಲ್ಲಿ, ಕಾಗದದ ಮೇಲೆ. ತಡವಾದದ್ದೂ ಅಲ್ಲೇ. ಆದರೆ ಬೆಳಗಿನ ಜಾವ ಮೂರೂವರೆಗೆ ಟಾರ್ಚು ಹಿಡಿದು ಮೇಲೆ ಹತ್ತಿದವರು ಆ ಕಾಗದವನ್ನು ಕಂಡವರೇ ಆಗಿರಬೇಕೆಂದಿಲ್ಲ. ನಾನು ಇವತ್ತು ಹೇಳಬೇಕೆಂದಿರುವ ಮಾತು ಇದೊಂದೇ: ಸುರಕ್ಷತೆಯ ಕೆಲಸವನ್ನು ಮುಂದೂಡಿದರೆ ಅದು ಇಲ್ಲವಾಗುವುದಿಲ್ಲ, ಸಾಲವಾಗಿ ಉಳಿಯುತ್ತದೆ. ಸಾಲ ಮಾಡಿದವರು ಒಬ್ಬರು, ತೀರಿಸುವವರು ಇನ್ನೊಬ್ಬರು.

ಹಾಗಾದರೆ ಒಳ್ಳೆಯವರು, ಓದಿದವರು, ಬುದ್ಧಿವಂತರು ಯಾಕೆ ಮುಂದೂಡುತ್ತಾರೆ? ನನಗೆ ಮೂರು ಕಾರಣ ಕಾಣುತ್ತವೆ.

ಮೊದಲನೆಯದು, ನಿಲ್ಲಿಸುವುದರ ನಷ್ಟ ಕಣ್ಣಿಗೆ ಕಾಣುತ್ತದೆ, ಸರಿಪಡಿಸುವುದರ ಲಾಭ ಕಾಣುವುದಿಲ್ಲ. ಟರ್ಬೈನು ಬಿಚ್ಚಬೇಕೆಂದರೆ ಘಟಕವನ್ನು ದಿನಗಟ್ಟಲೆ ನಿಲ್ಲಿಸಬೇಕು. ಅಷ್ಟು ದಿನ ಎಷ್ಟು ಯೂನಿಟ್ ವಿದ್ಯುತ್ತು ಹೋಯಿತು, ಎಷ್ಟು ಹಣ ಹೋಯಿತು ಎಂದು ಪೈಸೆ ಲೆಕ್ಕ ಕೊಡಬಹುದು. ಬ್ಲೇಡು ಬದಲಿಸಿದ್ದರಿಂದ ಆಗದೇ ಹೋದ ಅಪಘಾತವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು?

ಎರಡನೆಯದು, ಏನೂ ಆಗದೆ ಕಳೆದ ಪ್ರತಿ ದಿನವೂ ಸಾಕ್ಷಿ ಹೇಳಲು ಬರುತ್ತದೆ. ನಿನ್ನೆ ಏನೂ ಆಗಲಿಲ್ಲ, ಹೋದ ವರ್ಷವೂ ಏನೂ ಆಗಲಿಲ್ಲ, ಈ ವರ್ಷವೂ ಆಗಲಿಕ್ಕಿಲ್ಲ. ಆದರೆ ಲೋಹದಲ್ಲಿ ದಣಿವು ಎಂಬುದೊಂದಿದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋಗಿ. ಹತ್ತು ಸಲ ಏನೂ ಆಗುವುದಿಲ್ಲ. ಹನ್ನೊಂದನೇ ಸಲಕ್ಕೆ ತುಂಡಾಗುತ್ತದೆ. ಮೊದಲಿನ ಹತ್ತು ಸಲ ಏನೂ ಆಗಲಿಲ್ಲ ಎಂಬುದೇ ಹನ್ನೊಂದನೆಯದಕ್ಕೆ ತಯಾರಿಯಾಗಿತ್ತು. ನರೋರಾದ ಬ್ಲೇಡು ಮುರಿದದ್ದು ಹೀಗೆ ದಣಿದೇ.

ಮೂರನೆಯದು ನನಗೆ ಎಲ್ಲಕ್ಕಿಂತ ಅಪಾಯದ್ದು ಎನಿಸುತ್ತದೆ. ಬರೆದರೆ ಮಾಡಿದ ಹಾಗೆ ಅನಿಸುತ್ತದೆ. ಪತ್ರ ಹೋಯಿತು, ಸಮಿತಿ ಆಯಿತು, ವರದಿ ಬಂತು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ. ಬ್ಲೇಡು ಮಾತ್ರ ಹಳೆಯದೇ ತಿರುಗುತ್ತಿದೆ.

ಇದಕ್ಕೆ ಜಪಾನಿನ ಉದಾಹರಣೆ ಕೊಡುತ್ತೇನೆ, ಯಾಕೆಂದರೆ ಇದು ನಮ್ಮ ದೇಶದ ರೋಗ ಎಂದು ನೀವು ತಿಳಿಯಬಾರದು. ಫುಕುಶಿಮಾದ ಸ್ಥಾವರ ಸಮುದ್ರ ಮಟ್ಟದಿಂದ 10 ಮೀಟರ್ ಎತ್ತರದ ನೆಲದ ಮೇಲಿತ್ತು. 2008ರಲ್ಲಿ ಅದನ್ನು ನಡೆಸುವ ಟೆಪ್ಕೊ ಕಂಪನಿಯವರೇ ಲೆಕ್ಕ ಹಾಕಿಸಿದಾಗ, ದೊಡ್ಡ ಸುನಾಮಿ ಬಂದರೆ ನೀರು 15.7 ಮೀಟರ್‌ವರೆಗೆ ಏರಬಹುದು ಎಂದು ಬಂತು. ಕಂಪನಿ ಏನು ಮಾಡಿತು? ಲೆಕ್ಕವನ್ನು ಹರಿದು ಹಾಕಲಿಲ್ಲ. ಇನ್ನಷ್ಟು ಅಧ್ಯಯನವಾಗಲಿ ಎಂದು ತಜ್ಞರ ಸಂಘಕ್ಕೆ ಒಪ್ಪಿಸಿತು. ಕೇಳಿದರೆ ಎಷ್ಟು ಸರಿಯಾದ ನಿರ್ಧಾರ ಎನಿಸುತ್ತದೆ! ಅಧ್ಯಯನ ನಡೆಯುವಾಗ ನೆಲಮಾಳಿಗೆಯಲ್ಲಿದ್ದ ಡೀಸೆಲ್ ಜನರೇಟರುಗಳ ಕೋಣೆಗೆ ನೀರು ನುಗ್ಗದ ಬಾಗಿಲು ಹಾಕಬಹುದಿತ್ತು, ಒಂದಷ್ಟು ಬ್ಯಾಟರಿಗಳನ್ನು ಎತ್ತರದಲ್ಲಿ ಇಡಬಹುದಿತ್ತು. ಅದಾಗಲಿಲ್ಲ. 15.7 ಮೀಟರಿನ ಅಂಕಿಯನ್ನು ಅಲ್ಲಿನ ಸರಕಾರಿ ನಿಯಂತ್ರಕರಿಗೆ ಒಪ್ಪಿಸಿದ್ದು 2011ರ ಮಾರ್ಚ್ 7ರಂದು. ಸುನಾಮಿ ಬಂದದ್ದು ಮಾರ್ಚ್ 11ಕ್ಕೆ.

ಜನರೇಟರುಗಳು ಮುಳುಗಿದವು. ಮೂರು ರಿಯಾಕ್ಟರುಗಳಲ್ಲಿ ಇಂಧನ ಕರಗಿತು. ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಕತ್ತಲಾದ ಕಂಟ್ರೋಲ್ ರೂಮಿನಲ್ಲಿ ರಿಯಾಕ್ಟರಿನೊಳಗೆ ನೀರು ಎಷ್ಟಿದೆ ಎಂದು ತೋರಿಸುವ ಮೀಟರಿಗಾದರೂ ಜೀವ ಬರಲಿ ಎಂದು ನೌಕರರು ತಮ್ಮ ಕಾರುಗಳ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದರು. ನರೋರಾದ ಟಾರ್ಚು ಇಲ್ಲಿ ಕಾರಿನ ಬ್ಯಾಟರಿ.

ಅದೇ ದಿನ, ಅದೇ ಸಮುದ್ರ, ಅಲ್ಲಿಂದ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದಕ್ಷಿಣಕ್ಕೆ ತೋಕೈ ಎಂಬಲ್ಲಿ ಇನ್ನೊಂದು ಸ್ಥಾವರ ಇತ್ತು. 2007ರಲ್ಲಿ ಆ ಪ್ರಾಂತ್ಯದ ಆಡಳಿತ ಸುನಾಮಿಯ ಹೊಸ ಅಂದಾಜು ಕೊಟ್ಟಾಗ, ಅವರು ಸಮುದ್ರದ ನೀರೆತ್ತುವ ಪಂಪುಗಳ ಸುತ್ತಲಿನ ಗೋಡೆಯನ್ನು 4.9 ಮೀಟರಿನಿಂದ 6.1 ಮೀಟರಿಗೆ ಏರಿಸಿದರು. ಸುನಾಮಿ ಅಲ್ಲಿ ಸುಮಾರು 5.4 ಮೀಟರ್ ಎತ್ತರಕ್ಕೆ ಬಂತು. ಕೇಬಲ್ ಹಾಯುವ ಒಂದು ತೂತನ್ನು ಮುಚ್ಚುವ ಕೆಲಸ ಇನ್ನೂ ಬಾಕಿ ಇದ್ದುದರಿಂದ ಅಲ್ಲಿ ನೀರು ನುಗ್ಗಿ ಮೂರರಲ್ಲಿ ಒಂದು ಪಂಪು ಹೋಯಿತು. ಉಳಿದೆರಡು ನಡೆದವು. ಸ್ಥಾವರ ಉಳಿಯಿತು. ಆ ಊರಿನ ಹೆಸರನ್ನು ನೀವು ಇವತ್ತಿನವರೆಗೆ ಕೇಳಿರಲಿಕ್ಕಿಲ್ಲ. ಸಮಯಕ್ಕೆ ಮಾಡಿದ ಕೆಲಸಕ್ಕೆ ಸಿಗುವ ಬಹುಮಾನ ಇದೇ, ಯಾರಿಗೂ ಹೆಸರು ಗೊತ್ತಿರುವುದಿಲ್ಲ. ನನಗೆ ಆ ಒಂದು ಮೀಟರ್ ಚಿಲ್ಲರೆ ಗೋಡೆಯ ಮೇಲೆ ಬಹಳ ಗೌರವ.

ನಮ್ಮಲ್ಲಿಯೂ ಕೆಲಸ ಆಗಿದೆ, ಅದನ್ನೂ ಹೇಳಬೇಕು. ನರೋರಾದ ನಂತರ ನಮ್ಮ ಇತರ ಸ್ಥಾವರಗಳ ಟರ್ಬೈನುಗಳಲ್ಲಿಯೂ ಬ್ಲೇಡುಗಳನ್ನು ಬದಲಿಸಿದರು, ಕೇಬಲ್ಲುಗಳನ್ನು ಬೇರ್ಪಡಿಸಿ ಬೆಂಕಿ ತಡೆ ಹಾಕಿದರು. 1995ರಲ್ಲಿ ಗೋಪಾಲಕೃಷ್ಣನ್ ಅವರ ಕಾಲದಲ್ಲಿ ನಿಯಂತ್ರಣ ಮಂಡಳಿಯು ದೇಶದ ಅಣು ಸ್ಥಾವರಗಳಲ್ಲಿ ಬಾಕಿ ಇರುವ ಸುಮಾರು 130 ಸುರಕ್ಷತಾ ವಿಷಯಗಳ ಪಟ್ಟಿ ಮಾಡಿತು. ಕೈಗಾದ ಮೊದಲೆರಡು ಘಟಕಗಳು 2000ದಲ್ಲಿ ವಾಣಿಜ್ಯವಾಗಿ ವಿದ್ಯುತ್ತು ಕೊಡತೊಡಗಿದಾಗ ನರೋರಾದ ಪಾಠ ಅದರ ಹಿಂದೆ ಇತ್ತು. 962 ದಿನ ನಿಲ್ಲದೆ ತಿರುಗಿದ ಟರ್ಬೈನಿನ ಹಿಂದೆ, 1993ರಲ್ಲಿ ಮುರಿದ ಎರಡು ಬ್ಲೇಡುಗಳ ಋಣವೂ ಇದೆ.

ಆದರೆ ಆ ಪಟ್ಟಿಯನ್ನು ಕೇಳುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಪರೀಕ್ಷೆ ಬರೆಯುವವನೂ ಪೇಪರು ತಿದ್ದುವವನೂ ಒಂದೇ ಮನೆಯವರಾಗಬಾರದು ತಾನೇ? ನಿಯಂತ್ರಣ ಮಂಡಳಿ 1983ರಲ್ಲಿ ಸ್ಥಾಪನೆಯಾದಾಗ ಅದನ್ನು ಅಣುಶಕ್ತಿ ಆಯೋಗದ ಅಡಿಯಲ್ಲಿ ಇಟ್ಟರು. ಆ ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಫುಕುಶಿಮಾದ ನಂತರ, ಇನ್ನಷ್ಟು ಸ್ವತಂತ್ರವಾದ ಪ್ರಾಧಿಕಾರ ಬೇಕೆಂದು 2011ರಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡಿಸಿದರು. 2012ರಲ್ಲಿ ಮಹಾಲೇಖಪಾಲರ ವರದಿಯೂ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯ, ಅಧಿಕಾರ ಇಲ್ಲದಿರುವುದನ್ನು ಎತ್ತಿ ತೋರಿಸಿತು. 2014ರಲ್ಲಿ ಲೋಕಸಭೆಯ ಅವಧಿ ಮುಗಿಯಿತು, ಮಸೂದೆ ಬಿದ್ದುಹೋಯಿತು. ತಡವನ್ನು ತಡೆಯಬೇಕಾದ ಕಾನೂನಿಗೇ ತಡವಾಯಿತು.

ಮಕ್ಕಳೇ, ನಿಮ್ಮಲ್ಲಿ ಕೆಲವರು ಮುಂದೆ ಇಂಜಿನಿಯರ್ ಆಗುತ್ತೀರಿ, ಕೆಲವರು ಲೈನ್‌ಮನ್, ಕೆಲವರು ಡ್ರೈವರ್, ನರ್ಸು, ಪಂಚಾಯತಿ ಸದಸ್ಯರು. ಕೆಲವರು ಕೈಗಾದಲ್ಲೇ ಕೆಲಸಕ್ಕೆ ಸೇರಬಹುದು. ಎಲ್ಲಿದ್ದರೂ ನಿಮ್ಮ ಕೈಗೂ ಒಂದು ಪಟ್ಟಿ ಬರುತ್ತದೆ. ಆಗ ಮೂರು ವಿಷಯ ನೆನಪಿಡಿ. ದೋಷ ಕಂಡರೆ ತಾರೀಖು ಹಾಕಿ ಬರೆಯಿರಿ. ಯಾರು ಮಾಡುತ್ತಾರೆ, ಯಾವತ್ತಿಗೆ ಎಂದು ಕೇಳಿ. "ಮುಂದಿನ ಸಲ" ಎಂದು ಉತ್ತರ ಬಂದರೆ, ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂದು ಇನ್ನೊಂದು ಪ್ರಶ್ನೆ ಕೇಳಿ. ಈ ಕೊನೆಯ ಪ್ರಶ್ನೆಯನ್ನು ಫುಕುಶಿಮಾದಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಿ ಉತ್ತರ ಪಡೆದಿದ್ದರೆ ಚೆನ್ನಾಗಿತ್ತು. ನನ್ನ ತಂಡದ ಆ ಹುಡುಗಿ ನನ್ನನ್ನು ಕೇಳಿದ್ದಳು. ನಾನು ಉತ್ತರ ಕೊಟ್ಟಿರಲಿಲ್ಲ.

ಕೊನೆಯದಾಗಿ ಹಳೆಯ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಇದನ್ನು ಹೇಳಲೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. ಕಾರ್ಯಕ್ರಮಕ್ಕೆ ಮುಂಚೆ ನಮ್ಮ ಹಳೆಯ ಪ್ರಯೋಗಾಲಯಕ್ಕೆ ಹೋಗಿದ್ದೆ. ಬಾಗಿಲ ಹತ್ತಿರ ಬೆಂಕಿ ಆರಿಸುವ ಕೆಂಪು ಸಿಲಿಂಡರು ಇದೆ. ಅದರ ಚೀಟಿಯಲ್ಲಿ ಬರೆದ ತಾರೀಖು ದಾಟಿ ಆರು ವರ್ಷ ಆಗಿದೆ. ಮೇನ್ ಸ್ವಿಚ್ಚಿನ ಹಿಂದಿನ ವೈರುಗಳು ನಾವು ಓದುವಾಗ ಇದ್ದವೇ. ಮುಖ್ಯಾಧ್ಯಾಪಕರು ಮೂರು ಸಲ ಪತ್ರ ಬರೆದಿದ್ದಾರೆ, ಪ್ರತಿಗಳನ್ನು ನನಗೆ ತೋರಿಸಿದರು. ಅವರ ತಪ್ಪಿಲ್ಲ. ಪಟ್ಟಿಯಲ್ಲಿ ನಮ್ಮ ಶಾಲೆಯ ಸರದಿ ಬಂದಿಲ್ಲ, ಅಷ್ಟೇ.

ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸಬೇಕೆಂದು ನಾವೆಲ್ಲ ಹಣ ಸೇರಿಸಿದ್ದೇವೆ. ನಾನೂ ಕೊಟ್ಟಿದ್ದೇನೆ. ಕಮಾನು ಆಗಲಿ, ನನ್ನ ವಿರೋಧವಿಲ್ಲ. ಆದರೆ ಅದಕ್ಕಿಂತ ಮೊದಲು ಆ ಹಣದಲ್ಲಿ ವೈರಿಂಗ್ ಆಗಬೇಕು ಎಂದು ಸಮಿತಿಯವರಲ್ಲಿ ಕೈಮುಗಿದು ಕೇಳುತ್ತೇನೆ. ಕಮಾನಿನ ಮೇಲೆ ನಮ್ಮ ಹೆಸರು ಕೆತ್ತಿಸಬಹುದು, ಗೋಡೆಯೊಳಗಿನ ವೈರಿನ ಮೇಲೆ ಬರೆಸಲಾಗುವುದಿಲ್ಲ. ತೋಕೈನ ಗೋಡೆಯ ಮೇಲೂ ಯಾರ ಹೆಸರೂ ಇರಲಿಕ್ಕಿಲ್ಲ. ಇಲ್ಲಿ ರಾತ್ರಿ ಪಾಳಿ ಇಲ್ಲ, ನಿಜ. ಹಗಲು ಪಾಳಿಯಲ್ಲಿ ಇಷ್ಟು ಮಕ್ಕಳಿದ್ದಾರೆ.



(ಲೇಖಕರ ಟಿಪ್ಪಣಿ: ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಸಿಲಿಂಡರನ್ನು ಮತ್ತೆ ತುಂಬಿಸಲಾಗಿದೆ, ಪ್ರಯೋಗಾಲಯದ ವೈರಿಂಗ್ ಮುಗಿದಿದೆ. ಹಳೆಯ ಕಟ್ಟಡದ ಎರಡು ಕೋಣೆಗಳದ್ದು ಬಾಕಿ ಇದೆ. ಬೇಸಿಗೆ ರಜೆಯಲ್ಲಿ ಮಾಡುವುದೆಂದು ಸಮಿತಿ ತೀರ್ಮಾನಿಸಿದೆ. ಅಲ್ಲಿಯವರೆಗೆ ಆ ಎರಡು ಕೋಣೆಗಳ ಸಂಪರ್ಕ ತೆಗೆದಿಡಲಾಗಿದೆ.)